ಪುಲಿಕೇಶಿ ತಿನ್ನದ ಗೆಣಸು

ಇಮ್ಮಡಿ ಪುಲಿಕೇಶಿ ಜೀವಮಾನದಲ್ಲಿ ಒಂದು ಸಲವೂ ಸಿಹಿಗೆಣಸು ತಿಂದಿರೋಕೆ ಸಾಧ್ಯವಿಲ್ಲ. ನರ್ಮದೆಯ ದಡದಲ್ಲಿ ಹರ್ಷವರ್ಧನನನ್ನು ತಡೆದು ನಿಲ್ಲಿಸಿದವನು, ಕ್ರಿ.ಶ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿಯಿಂದ ಹಾಡಿ ಹೊಗಳಿಸಿಕೊಂಡವನು, ಚೀನಾದಿಂದ ನಡೆದು ಬಂದ ಹ್ಯುಯೆನ್ ತ್ಸಾಂಗನ ಬರಹದಲ್ಲೂ ಜಾಗ ಪಡೆದವನು. ಬೇಕು ಅಂದಿದ್ದನ್ನು ಎಲ್ಲಿಂದ ಬೇಕಾದರೂ ತರಿಸಿಕೊಂಡು ತಿನ್ನುವ ತಾಕತ್ತು ಅವನಿಗಿತ್ತು. ಆದರೆ ಅವನು ಬಾದಾಮಿಯಲ್ಲಿ ಆಳುತ್ತಿದ್ದಾಗ ಸಿಹಿಗೆಣಸಿನ ಬಳ್ಳಿ ಭೂಮಿಯ ಇನ್ನೊಂದು ಬದಿಯಲ್ಲಿ, ಅಮೆರಿಕ ಖಂಡದಲ್ಲಿ, ಹಾಯಾಗಿ ಹಬ್ಬಿಕೊಂಡಿತ್ತು. ಅದು ನಮ್ಮ ಕಡೆ ಬರಲು ಇನ್ನೂ ಸುಮಾರು ಒಂಬೈನೂರು ವರ್ಷ ಬಾಕಿ ಇತ್ತು.

ಅವನ ಹೆಸರು ಹೊತ್ತ ಪುಲಿಕೇಶಿನಗರದಲ್ಲಿ, ಬಾಡಿಗೆ ಮನೆಯೊಂದರ ಎರಡನೇ ಮಹಡಿಯಲ್ಲಿ, ನಾನು ವಾರಕ್ಕೆರಡು ಸಲ ಏರ್ ಫ್ರೈಯರ್‌ನಲ್ಲಿ ಗೆಣಸು ಸುಡುತ್ತೇನೆ. ಇದನ್ನು ಆಫೀಸಿನಲ್ಲಿ ಹೇಳಿದರೆ ಸಾಕು, ಹಳ್ಳಿಯಿಂದ ಬಂದ ಗೆಳೆಯರೆಲ್ಲ ಒಂದೇ ರಾಗ ಹಾಡುತ್ತಾರೆ. 'ಏನ್ ಗುರು, ಗೆಣಸು ಅಂದ್ರೆ ಕೆಂಡದಲ್ಲಿ ಸುಡಬೇಕು. ಅದು ನಮ್ಮ ಸಂಸ್ಕೃತಿ. ನೀನು ಫಾರಿನ್ ಡಬ್ಬಿಗೆ ಹಾಕಿ ಅದರ ಮಾನ ಕಳೀತಿದ್ದೀಯ.'

ಈ ಮಾತಿನೊಳಗೆ ಎರಡು ನಂಬಿಕೆ ಕೂತಿವೆ. ಒಂದು, ಗೆಣಸು ನಮ್ಮದು, ಡಬ್ಬಿ ಹೊರಗಿನದು. ಎರಡು, ಕೆಂಡ ಕೊಡುವ ರುಚಿ ಬೇರೆ ಯಾವುದೂ ಕೊಡಲ್ಲ. ಎರಡನ್ನೂ ಸ್ವಲ್ಪ ಕೆದಕಿ ನೋಡೋಣ ಅನ್ನಿಸಿತು. ಬೆಂಗಳೂರಲ್ಲಿ ಯಾವುದು ನಮ್ಮದು, ಯಾರು ನಮ್ಮವರು, ಯಾರು ಹೊರಗಿನವರು ಅನ್ನೋ ಜಗಳ ದಿನಾ ನಡೆಯುವಾಗ, ತಟ್ಟೆಯಲ್ಲಿರುವ ಒಂದು ಗೆಡ್ಡೆಯನ್ನೇ ವಿಚಾರಿಸಿದರೆ ಏನು ಹೇಳುತ್ತೆ ನೋಡೋಣ.

ಮೊದಲು ಹೆಸರು. 'ಗೆಣಸು' ಅನ್ನೋ ಪದ ಈ ಬಳ್ಳಿ ಇಲ್ಲಿಗೆ ಬರುವ ಮೊದಲೇ ಇತ್ತು. ಆಗ ಅದು ಸೂಚಿಸುತ್ತಿದ್ದದ್ದು ನಮ್ಮ ಕಾಡುಗಳಲ್ಲಿ ಮರ ಹತ್ತಿ ಬೆಳೆಯುವ ಬಳ್ಳಿಗಳ ಗೆಡ್ಡೆಗಳನ್ನು. ಸಸ್ಯಶಾಸ್ತ್ರದವರು ಡಯಾಸ್ಕೋರಿಯಾ ಅಂತ ಕರೆಯುವ ಕುಲ ಅದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ಎಚ್.ಡಿ. ಕೋಟೆ ಕಡೆಯ ಜೇನುಕುರುಬರು ಗುದ್ದಲಿಯಲ್ಲಿ ಆಳುದ್ದ ಅಗೆದು ತೆಗೆಯುತ್ತಿದ್ದ ಗೆಣಸು ಇದೇ. ಉತ್ತರ ಕನ್ನಡದ ಜೋಯಿಡಾದಲ್ಲಿ ಕುಣಬಿಗಳು ಇವತ್ತಿಗೂ ಹತ್ತಾರು ಬಗೆಯ ಗೆಡ್ಡೆ ಬೆಳೆದು, ಅದಕ್ಕೆಂದೇ ಗೆಡ್ಡೆ ಗೆಣಸು ಮೇಳ ಮಾಡುತ್ತಾರೆ. ಋಷಿಮುನಿಗಳು 'ಗೆಡ್ಡೆ ಗೆಣಸು ತಿಂದುಕೊಂಡು' ತಪಸ್ಸು ಮಾಡಿದರು ಅಂತ ಅಜ್ಜಿಯರು ಕತೆ ಹೇಳುವಾಗ ಬರುವ ಗೆಣಸು ಕೂಡ ಕಾಡಿನದೇ ಆಗಿರಬೇಕು. ಟಿವಿ ಸೀರಿಯಲ್ಲಿನಲ್ಲಿ ಋಷಿಯ ಮುಂದೆ ಕೆಂಪು ಸಿಪ್ಪೆಯ ಸಿಹಿಗೆಣಸು ಇಟ್ಟರೆ, ಅದು ಅವರ ಕೈಗೆ ಸ್ಮಾರ್ಟ್‌ಫೋನ್ ಕೊಟ್ಟಷ್ಟೇ ತಪ್ಪು.

ಕನ್ನಡದಲ್ಲಿ ಅಡುಗೆ ಬಗ್ಗೆ ಬರೆದವರು ಕಮ್ಮಿ ಇಲ್ಲ. 11ನೇ ಶತಮಾನದ 'ಲೋಕೋಪಕಾರ'ದಲ್ಲಿ ಚಾವುಂಡರಾಯ ಅಡುಗೆಗೇ ಒಂದು ಅಧ್ಯಾಯ ಕೊಟ್ಟ. ಕಲ್ಲಹಳ್ಳಿಯ ಮೂರನೇ ಮಂಗರಸ ಸುಮಾರು 1508ರಲ್ಲಿ 'ಸೂಪಶಾಸ್ತ್ರ' ಅಂತ ಪೂರ್ತಿ ಅಡುಗೆ ಪುಸ್ತಕವನ್ನೇ ಬರೆದ. ಇವರಿಬ್ಬರಿಗೂ ಸಿಹಿಗೆಣಸು, ಆಲೂಗಡ್ಡೆ, ಟೊಮ್ಯಾಟೊ, ಹಸಿಮೆಣಸಿನಕಾಯಿ ಯಾವುದೂ ಗೊತ್ತಿರಲಿಲ್ಲ. ಮಂಗರಸ ಬರೆದು ಎರಡೇ ವರ್ಷಕ್ಕೆ, 1510ರಲ್ಲಿ, ಆಲ್ಬುಕರ್ಕ್ ಗೋವಾ ಹಿಡಿದ. ಅಲ್ಲಿಂದ ನಮ್ಮ ಅಡುಗೆಮನೆಯ ಇತಿಹಾಸ ಎರಡು ಭಾಗ ಆಯಿತು ಅಂದರೆ ಉತ್ಪ್ರೇಕ್ಷೆ ಆಗಲಾರದು.

ಕೊಲಂಬಸ್ 1492ರಲ್ಲಿ ಕೆರಿಬಿಯನ್ ದ್ವೀಪಗಳಿಗೆ ಹೋದಾಗ ಅಲ್ಲಿನ ಟೈನೊ ಜನ ಈ ಗೆಡ್ಡೆಯನ್ನು 'ಬಟಾಟ' ಅನ್ನುತ್ತಿದ್ದರು. ಅವನ ಹಡಗುಗಳ ಜೊತೆ ಅದು ಸ್ಪೇನಿಗೆ ಬಂತು. ಆಲೂಗಡ್ಡೆ ಪೆರುವಿನ ಬೆಟ್ಟ ಇಳಿದು ಯುರೋಪ್ ಮುಟ್ಟಿದ್ದು ಅದಕ್ಕಿಂತ ಎಷ್ಟೋ ವರ್ಷ ತಡವಾಗಿ. ಆಗ ಯುರೋಪಿನವರು ಗೊಂದಲಪಟ್ಟು ಸಿಹಿಗೆಣಸಿನ ಹೆಸರನ್ನೇ ಅದಕ್ಕೂ ಅಂಟಿಸಿದರು. 'ಪೊಟೇಟೊ' ಅನ್ನೋ ಪದ ಹುಟ್ಟಿದ್ದು ಹಾಗೆ. ನಮ್ಮ ಉತ್ತರ ಕರ್ನಾಟಕ, ಕರಾವಳಿಯಲ್ಲಿ ಆಲೂಗಡ್ಡೆಗೆ 'ಬಟಾಟೆ' ಅನ್ನುತ್ತಾರಲ್ಲ, ಅದು ಪೋರ್ಚುಗೀಸರ ಬಾಯಿಂದ ಬಂದ ಅದೇ ಟೈನೊ ಪದ. ಅಸಲಿಗೆ ಇಬ್ಬರೂ ಹತ್ತಿರದ ನೆಂಟರಲ್ಲ. ಆಲೂಗಡ್ಡೆ ಬದನೆ, ಟೊಮ್ಯಾಟೊಗಳ ಬಳಗ. ಸಿಹಿಗೆಣಸು ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಬಾಡುವ ಮಾರ್ನಿಂಗ್ ಗ್ಲೋರಿ ಹೂವಿನ ಬಳಗ. ಗೆಣಸಿನ ಹೊಲದಲ್ಲಿ ಅಪರೂಪಕ್ಕೆ ಬಿಡುವ ತಿಳಿ ನೇರಳೆ ಹೂ ನೋಡಿದವರಿಗೆ ಇದು ಥಟ್ಟನೆ ಹೊಳೆಯುತ್ತೆ.

ಹೊಸ ಬೆಳೆಗಳು ಬಂದಾಗ ಕನ್ನಡಿಗರು ಹೆಸರಿಡುತ್ತಿದ್ದ ಕ್ರಮ ಗಮನಿಸಿ. ಹೊರಗಿನಿಂದ ಬಂದದ್ದು ಅಂತ ಗುರುತಿಡಬೇಕು ಅನ್ನಿಸಿದರೆ 'ಸೀಮೆ' ಅಂತ ಮುಂದೆ ಸೇರಿಸೋದು. ಸೀಮೆಬದನೆ, ಸೀಮೆಹುಣಸೆ, ಸೀಮೆಎಣ್ಣೆ, ಸೀಮೆಸುಣ್ಣ, ಕೊನೆಗೆ ಸೀಮೆಹಸು. ಪಪ್ಪಾಯಿಗಂತೂ ಪರಂಗಿಯವರ ಹೆಸರನ್ನೇ ಇಟ್ಟು 'ಪರಂಗಿ ಹಣ್ಣು' ಅಂದುಬಿಟ್ಟರು. ಆದರೆ ಸಿಹಿಗೆಣಸಿಗೆ ಯಾರೂ 'ಸೀಮೆಗೆಣಸು' ಅನ್ನಲಿಲ್ಲ. ರುಚಿ ನೋಡಿ 'ಸಿಹಿ' ಅಂದರು, ಆಮೇಲೆ ಅದನ್ನೂ ಬಿಟ್ಟು ಬರೀ 'ಗೆಣಸು' ಅಂದರು. ಹೊಸಬ ಬಂದು ಹಳಬನ ಹೆಸರನ್ನೇ ತಗೊಂಡ. ಹಳಬ ತನ್ನ ಗುರುತಿಗೆ 'ಕಾಡುಗೆಣಸು' ಅಂತ ಹೊಸ ಹೆಸರು ಹುಡುಕಿಕೊಳ್ಳಬೇಕಾಯಿತು.

ಇದೇ ಕತೆ ಮೆಣಸಿಗೂ ಆಗಿದೆ. ಸಾವಿರಾರು ವರ್ಷ 'ಮೆಣಸು' ಅಂದರೆ ಮಲೆನಾಡಿನ ಕರಿ ಕಾಳು. ಅಮೆರಿಕದ ಕೆಂಪು ಕಾಯಿ ಬಂದು 'ಮೆಣಸಿನಕಾಯಿ' ಆಗಿದ್ದೇ ತಡ, ಹಳೆಯದು 'ಕಾಳುಮೆಣಸು', 'ಕರಿಮೆಣಸು' ಅಂತ ವಿಶೇಷಣ ಹಚ್ಚಿಕೊಂಡು ಮೂಲೆಗೆ ಸರಿಯಿತು. ನಮ್ಮ ಕೋಡಿನ ಭಾಷೆಯಲ್ಲಿ ಹೇಳಬೇಕಂದ್ರೆ, ವೇರಿಯಬಲ್ ಹೆಸರು ಅದೇ, ಒಳಗಿನ ವ್ಯಾಲ್ಯೂ ಓವರ್‌ರೈಟ್ ಆಗಿದೆ. ಪ್ರೋಗ್ರಾಂ ಮಾತ್ರ ಒಂದೂ ಎರರ್ ಕೊಡದೆ ಓಡುತ್ತಾ ಇದೆ.

ಸಂಕ್ರಾಂತಿ ದಿನದ ತಟ್ಟೆ ನೋಡಿ. ಹಳೇ ಮೈಸೂರು ಕಡೆ ಎಳ್ಳುಬೆಲ್ಲದ ಜೊತೆ ಬೇಯಿಸಿದ ಗೆಣಸು, ಕಡಲೆಕಾಯಿ, ಅವರೆಕಾಯಿ, ಒಂದು ತುಂಡು ಕಬ್ಬು. ಹಬ್ಬದ ಹಿಂದಿನ ದಿನ ಶಿವಾಜಿನಗರದ ರಸೆಲ್ ಮಾರ್ಕೆಟ್ ಸುತ್ತ ತಳ್ಳುಗಾಡಿಗಳ ಮೇಲೆ ಇವೆಲ್ಲ ಗುಡ್ಡೆ ಬಿದ್ದಿರುತ್ತವೆ. ಎಳ್ಳು, ಅವರೆ ಈ ನೆಲದಲ್ಲಿ ಸಾವಿರಾರು ವರ್ಷದಿಂದ ಇವೆ. ಕಬ್ಬೂ ಬಹಳ ಹಳಬ. ಗೆಣಸು ಮತ್ತು ಕಡಲೆಕಾಯಿ ಮಾತ್ರ ಅಮೆರಿಕದಿಂದ ಬಂದವು. ಎಳ್ಳುಬೆಲ್ಲದೊಳಗಿನ ಕಡಲೆಬೀಜ ಕೂಡ. ಶಿವರಾತ್ರಿ ಉಪವಾಸ ಇನ್ನೂ ತಮಾಷೆ. ಧಾನ್ಯ ಮುಟ್ಟಬಾರದು ಅನ್ನೋ ನಿಯಮ ಇರೋದರಿಂದ ನಮ್ಮ ಹಳೆಯ ಅಕ್ಕಿ, ರಾಗಿ, ಜೋಳ ಎಲ್ಲ ಹೊರಗೆ. ಒಳಗೆ ಬಂದವರು ಯಾರು? ಗೆಣಸು, ಆಲೂಗಡ್ಡೆ, ಕಡಲೆಬೀಜ, ಮರಗೆಣಸಿನ ಹಿಟ್ಟಿನಿಂದ ಮಾಡುವ ಸಾಬಕ್ಕಿ. ನಾಲ್ವರೂ ಅಮೆರಿಕದವರು. ಬೆಳಗಾವಿ ಕಡೆಯ ಕೆಂಪು ನೆಲದಲ್ಲಿ ರೈತರು ಬೆಳೆದ ಗೆಣಸು ನವರಾತ್ರಿ, ಶಿವರಾತ್ರಿ ಹೊತ್ತಿಗೆ ಅಲ್ಲಿನ ಎಪಿಎಂಸಿಯಿಂದ ಲಾರಿಗಟ್ಟಲೆ ಮುಂಬೈ, ದೆಹಲಿಗೆ ಹೋಗೋದೂ ಈ ಉಪವಾಸದವರಿಗಾಗಿಯೇ. ಶಾಸ್ತ್ರ ಬರೆದವರು ಕಂಡೇ ಇರದ ಗೆಡ್ಡೆ ಶಾಸ್ತ್ರದ ಊಟ ಆಗಿದೆ. ಯಾರೂ ಆಕ್ಷೇಪ ಎತ್ತಲಿಲ್ಲ. ಎತ್ತಬೇಕಾಗಿಯೂ ಇರಲಿಲ್ಲ.

ಗೆಣಸು ಹೋದ ಕಡೆಯೆಲ್ಲ ಹೀಗೆ ಸುಲಭವಾಗಿ ಬೆರೆತು ಹೋಗಲು ಒಂದು ಕಾರಣ ಹಸಿವು. 1593ರಲ್ಲಿ ಚೆನ್ ಝೆನ್‌ಲಾಂಗ್ ಅನ್ನೋ ಚೀನಾದ ವ್ಯಾಪಾರಿ ಫಿಲಿಪ್ಪೀನ್ಸಿನ ಲುಜಾನ್ ದ್ವೀಪದಿಂದ ಇದರ ಬಳ್ಳಿಯನ್ನು ಫುಜಿಯಾನ್ ಪ್ರಾಂತ್ಯಕ್ಕೆ ತಂದ. ಸ್ಪೇನಿನವರ ಕಣ್ಣು ತಪ್ಪಿಸಲು ಬಳ್ಳಿಯನ್ನು ಹಡಗಿನ ಹಗ್ಗದೊಳಗೆ ಹೊಸೆದು ತಂದ ಅಂತ ಕತೆ ಇದೆ. ಮರು ವರ್ಷವೇ ಅಲ್ಲಿ ಬೆಳೆ ಹೋಯಿತು, ಅಲ್ಲಿನ ಅಧಿಕಾರಿ ಜನಕ್ಕೆ ಗೆಣಸು ನೆಡಲು ಹೇಳಿದ. ಜಪಾನಿನಲ್ಲಿ 1732ರ ಬರದ ನಂತರ ಆವೊಕಿ ಕೊನ್ಯೊ ಅನ್ನೋ ವಿದ್ವಾಂಸ ಇದನ್ನು ಬೆಳೆಸಿ ತೋರಿಸಿ ಹರಡಿದ. ಜನ ಅವನನ್ನು 'ಗೆಣಸಿನ ಮೇಷ್ಟ್ರು' ಅಂತಲೇ ಕರೆದರು. ಪೆಸಿಫಿಕ್ ಸಾಗರದ ಪಾಲಿನೇಷ್ಯಾ ದ್ವೀಪಗಳಿಗೆ ಗೆಣಸು ಯುರೋಪಿನವರಿಗಿಂತ ಮೊದಲೇ ಮುಟ್ಟಿತ್ತು. ಇಡೀ ಜಗತ್ತಿನಲ್ಲಿ ಇವತ್ತು ಅತಿ ಹೆಚ್ಚು ಗೆಣಸು ಬೆಳೆಯೋದು ಚೀನಾ.

ನಮ್ಮೂರು ತುಮಕೂರು ಕಡೆ. ಅಲ್ಲೂ ಗೆಣಸಿಗೆ ಇದೇ ಕೆಲಸ ಇತ್ತು. ನಾಲ್ಕು ತಿಂಗಳ ಬೆಳೆ, ಬೀಜ ಬೇಡ, ಒಂದು ಮೊಳ ಬಳ್ಳಿ ಚುಚ್ಚಿದರೆ ಸಾಕು, ಎಲೆ ದನಕ್ಕೆ. 'ಮಳೆ ಕೈ ಕೊಟ್ಟ ವರ್ಷ ರಾಗಿ ಕಣಜ ನೋಡಬಾರದು ಮಗ, ಗೆಣಸಿನ ಪಾತಿ ನೋಡಬೇಕು' ಅನ್ನುತ್ತಿದ್ದರು ನಮ್ಮಜ್ಜಿ. ಹಸಿವಿನ ಜೊತೆ ಬಂದ ಊಟಕ್ಕೆ ಮರ್ಯಾದೆ ಕಮ್ಮಿ. ಕೆಲಸವಿಲ್ಲದೆ ಕೂತವನಿಗೆ 'ಏನ್ ಗೆಣಸು ಕೆತ್ತುತಾ ಇದ್ದೀಯ?' ಅಂತ ಕೇಳೋದು ಇವತ್ತಿಗೂ ಇದೆ. ಶಾಲೆಗೆ ಡಬ್ಬಿಯಲ್ಲಿ ಬೇಯಿಸಿದ ಗೆಣಸು ತರುವ ಹುಡುಗರು ಮುಚ್ಚಳ ಅರ್ಧ ತೆರೆದು ತಿನ್ನುತ್ತಿದ್ದರು. ಈಗ ಅದೇ ಗೆಣಸು ನಮ್ಮ ಆಫೀಸಿನ ಕೆಫೆಟೇರಿಯಾದಲ್ಲಿ ಗಾಜಿನ ಬಟ್ಟಲಲ್ಲಿ, ಮೇಲೊಂದು ಪುದೀನ ಎಲೆ ಇಟ್ಟುಕೊಂಡು, 'ಸೂಪರ್‌ಫುಡ್' ಅನ್ನೋ ಚೀಟಿ ಹಚ್ಚಿಕೊಂಡು ಕೂತಿದೆ. ಗೆಡ್ಡೆ ಬದಲಾಗಿಲ್ಲ, ತಿನ್ನುವವರ ಸಂಬಳ ಬದಲಾಗಿದೆ.

ಸೂಪರ್‌ಫುಡ್ ಅನ್ನೋ ಮಾತು ಪೂರ್ತಿ ಸುಳ್ಳೇನಲ್ಲ. ಕಿತ್ತಳೆ ಬಣ್ಣದ ತಿರುಳಿನ ಗೆಣಸಿನಲ್ಲಿ ಎ ಜೀವಸತ್ವಕ್ಕೆ ಮೂಲವಾದ ಬೀಟಾ ಕೆರೋಟಿನ್ ಯಥೇಚ್ಛ. ಆಫ್ರಿಕಾದ ಮಕ್ಕಳಿಗೆ ಇದನ್ನು ಮುಟ್ಟಿಸಿದ ವಿಜ್ಞಾನಿಗಳಿಗೆ 2016ರ ವಿಶ್ವ ಆಹಾರ ಪ್ರಶಸ್ತಿ ಬಂತು. ನಮ್ಮಲ್ಲೂ ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ಕಿತ್ತಳೆ ತಿರುಳಿನ 'ಭೂ ಸೋನಾ', ನೇರಳೆ ತಿರುಳಿನ 'ಭೂ ಕೃಷ್ಣಾ' ಅನ್ನೋ ತಳಿಗಳನ್ನು ಕೊಟ್ಟಿದೆ.

ಗೆಣಸು ಹೆಸರು ಪಡೆದ ರೀತಿ ಒಂದಾದರೆ, ನಾನಿರುವ ಏರಿಯಾ ಹೆಸರು ಪಡೆದ ರೀತಿ ಇನ್ನೊಂದು. ಪುಲಿಕೇಶಿನಗರ ಅಂದರೆ ಎಷ್ಟೋ ಆಟೋದವರಿಗೆ ಇವತ್ತಿಗೂ ತಕ್ಷಣ ಹೊಳೆಯಲ್ಲ. ಫ್ರೇಜರ್ ಟೌನ್ ಅನ್ನಬೇಕು. 2008ರಿಂದ ವಿಧಾನಸಭಾ ಕ್ಷೇತ್ರದ ಹೆಸರೂ ಪುಲಿಕೇಶಿನಗರವೇ, ಆದರೂ ಬಾಯಲ್ಲಿ ಫ್ರೇಜರ್ ಹೋಗಿಲ್ಲ. ಸ್ಟುವರ್ಟ್ ಮಿಟ್‌ಫರ್ಡ್ ಫ್ರೇಜರ್ ಅಂದರೆ ನಾಲ್ವಡಿ ಕೃಷ್ಣರಾಜ ಒಡೆಯರ್ ಬಾಲಕರಾಗಿದ್ದಾಗ ಅವರಿಗೆ ಪಾಠ ಹೇಳಿದವನು, ಆಮೇಲೆ ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಆದವನು. ಈ ಭಾಗ ಆಗ ಮೈಸೂರು ಮಹಾರಾಜರ ಆಡಳಿತದಲ್ಲಿ ಇರಲೇ ಇಲ್ಲ. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಅಂತ ಬ್ರಿಟಿಷರ ಕೈಯಲ್ಲಿತ್ತು. ಅದು ಮೈಸೂರಿಗೆ ವಾಪಸ್ ಬಂದದ್ದು 1947ರ ಜುಲೈ 26ಕ್ಕೆ, ಸ್ವಾತಂತ್ರ್ಯಕ್ಕೆ ಮೂರು ವಾರ ಮೊದಲು.

ಈ ಬಡಾವಣೆ ಹುಟ್ಟಿದ್ದು ಪ್ಲೇಗಿನಿಂದ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯಲ್ಲೂ ದಂಡಿನಲ್ಲೂ ಇಕ್ಕಟ್ಟಾದ ಗಲ್ಲಿಗಳಲ್ಲಿ, ಕಿಟಕಿ ಇಲ್ಲದ ಮನೆಗಳಲ್ಲಿ ಜನ ಸತ್ತರು. ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುತ್ತೆ ಅಂತ ಅದೇ ವರ್ಷ ಕರಾಚಿಯಲ್ಲಿ ಪಾಲ್ ಲೂಯಿ ಸಿಮೊಂದ್ ತೋರಿಸಿದ್ದ, ಆದರೆ ಜಗತ್ತು ಒಪ್ಪಲು ಇನ್ನೂ ಕೆಲವು ವರ್ಷ ಹಿಡಿಯಿತು. ಆಡಳಿತದವರಿಗೆ ಕಂಡ ದಾರಿ ಒಂದೇ: ಜನರನ್ನು ಚದುರಿಸು, ಅಗಲ ರಸ್ತೆ ಮಾಡು, ಮನೆಗೆ ಗಾಳಿ ಬೆಳಕು ಬರುವ ಹಾಗೆ ನೋಡು. ಪೇಟೆ ಕಡೆ ಬಸವನಗುಡಿ, ಮಲ್ಲೇಶ್ವರ ಬೆಳೆದ ಹಾಗೆ ದಂಡಿನ ಕಡೆ 20ನೇ ಶತಮಾನದ ಮೊದಲ ದಶಕದಲ್ಲಿ ಫ್ರೇಜರ್ ಟೌನ್ ರೂಪುಗೊಂಡಿತು. ಮಾಸ್ಕ್ ರೋಡ್, ಕೋಲ್ಸ್ ರೋಡ್, ಸಾಂಡರ್ಸ್ ರೋಡ್ ಸುತ್ತ ಉಳಿದಿರುವ ಹಳೇ ಬಂಗಲೆಗಳ ಎತ್ತರದ ಸೂರು, ಉದ್ದ ಕಿಟಕಿ, ಗೋಡೆಯ ಮೇಲ್ಭಾಗದ ಗಾಳಿಕಿಂಡಿ ನೋಡಿದರೆ ಇದು ಗಾಳಿಗೋಸ್ಕರ ಕಟ್ಟಿದ ಊರು ಅಂತ ಗೊತ್ತಾಗುತ್ತೆ. ಈಗಿನ ಅಪಾರ್ಟ್‌ಮೆಂಟುಗಳಲ್ಲಿ ನಮಗೆ ಸಿಕ್ಕಿರೋದು ಒಂದು ಎಕ್ಸಾಸ್ಟ್ ಫ್ಯಾನ್.

ಗಾಳಿಯ ಮಾತು ಬಂದದ್ದಕ್ಕೆ ಕೆಂಡದ ವಿಷಯಕ್ಕೆ ಬರುತ್ತೇನೆ. ಗೆಣಸನ್ನು ನಾವು ಸುಡುತ್ತಿದ್ದದ್ದು ಬಚ್ಚಲ ಒಲೆಯಲ್ಲಿ. ನೀರು ಕಾಯಿಸುವ ಹಂಡೆ ಒಲೆ. ಸ್ನಾನ ಮುಗಿದ ಮೇಲೆ ಉಳಿದ ಬಿಸಿ ಬೂದಿಯಲ್ಲಿ ನಾಲ್ಕು ಗೆಣಸು ಹುಗಿದು ಸ್ಕೂಲಿಗೆ ಹೋದರೆ, ಮಧ್ಯಾಹ್ನ ಬರುವಷ್ಟರಲ್ಲಿ ಸಿಪ್ಪೆ ಸುಕ್ಕುಗಟ್ಟಿ, ಒಳಗೆ ಜೇನಿನ ಹಾಗೆ ರಸ ಇಳಿದಿರುತ್ತಿತ್ತು. ಗೆಳೆಯರು ಹೇಳುವ ರುಚಿ ಇದೇ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಆ ಒಲೆಗೆ ಸೌದೆ ಹೊತ್ತು ತಂದವರು ಯಾರು? ಬೆಳಗಿನ ಜಾವ ಊದುಗೊಳವೆ ಹಿಡಿದು ಕಣ್ಣು ಕೆಂಪು ಮಾಡಿಕೊಂಡವರು ಯಾರು? ಕೆಂಡದ ರುಚಿ ನೆನೆದು ಹಲುಬುವವರಲ್ಲಿ ನಾವು ಗಂಡಸರೇ ಹೆಚ್ಚು. ನಾವು ತಿಂದದ್ದು ಗೆಣಸು, ಹೊಗೆ ಕುಡಿದವರು ಅಮ್ಮಂದಿರು.

ಇದನ್ನು ಲೆಕ್ಕ ಹಾಕಿ ತೋರಿಸಿದವರು ಬೆಂಗಳೂರಿನವರೇ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕೆ.ಎನ್. ರೆಡ್ಡಿ ಅವರು 1974ರಲ್ಲಿ 'ಅಸ್ತ್ರ' ಅನ್ನೋ ಕೇಂದ್ರ ಶುರು ಮಾಡಿದರು. ಹಳ್ಳಿಗೆ ಬೇಕಾದ ತಂತ್ರಜ್ಞಾನ ಕಂಡುಹಿಡಿಯೋದು ಅದರ ಕೆಲಸ. ಅವರ ತಂಡ ಕುಣಿಗಲ್ ತಾಲ್ಲೂಕಿನ ಉಂಗ್ರ, ಪುರ ಸುತ್ತಲಿನ ಹಳ್ಳಿಗಳಲ್ಲಿ ಮನೆ ಮನೆಗೂ ಹೋಗಿ, ಎಷ್ಟು ಸೌದೆ, ಎಷ್ಟು ಸೀಮೆಎಣ್ಣೆ, ಎಷ್ಟು ಹೊತ್ತಿನ ದುಡಿಮೆ ಅಂತ ಅಳೆಯಿತು. ಹಳ್ಳಿ ಬಳಸುವ ಶಕ್ತಿಯಲ್ಲಿ ಬಹುಪಾಲು ಅಡುಗೆಯ ಸೌದೆಯೇ, ಅದನ್ನು ಆಯ್ದು ತರುವುದರಲ್ಲಿ ಹೆಂಗಸರು ಮಕ್ಕಳ ದುಡಿಮೆಯೇ ದೊಡ್ಡದು ಅಂತ ಕಂಡುಬಂತು. ಅಲ್ಲಿಂದ ಹುಟ್ಟಿದ್ದು 'ಅಸ್ತ್ರ ಒಲೆ'. ಬೆಂಕಿಗೆ ಗಾಳಿ ಎಲ್ಲಿಂದ ಬರಬೇಕು, ಬಿಸಿ ಯಾವ ದಾರಿಯಲ್ಲಿ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸಾಗಬೇಕು, ಹೊಗೆ ಯಾವ ಕೊಳವೆಯಿಂದ ಸೂರಿನಾಚೆ ಹೋಗಬೇಕು ಅಂತ ಲೆಕ್ಕ ಮಾಡಿ ಮಣ್ಣಲ್ಲಿ ಕಟ್ಟಿದ ಒಲೆ. 1980ರ ದಶಕದಲ್ಲಿ ಅದು ರಾಜ್ಯದ ಹಳ್ಳಿಗಳಿಗೆ ಹೋಯಿತು. ಒಲೆಯ ಸಮಸ್ಯೆ ಅಂದರೆ ಬೆಂಕಿಯದ್ದಕ್ಕಿಂತ ಹೆಚ್ಚಾಗಿ ಗಾಳಿಯ ಸಮಸ್ಯೆ ಅಂತ ಅವರು ಗುರುತಿಸಿದ್ದರು.

ಏರ್ ಫ್ರೈಯರ್ ಅನ್ನೋ ಡಬ್ಬಿ ಕೂಡ ಇದೇ ಪ್ರಶ್ನೆಗೆ ಇನ್ನೊಂದು ಉತ್ತರ. ಹೆಸರಲ್ಲಿ ಫ್ರೈ ಇದ್ದರೂ ಅಲ್ಲಿ ಕರಿಯೋದು ಏನೂ ನಡೆಯಲ್ಲ. ಮೇಲೊಂದು ಕಾಯುವ ಕಾಯಿಲ್, ಅದರ ಮೇಲೊಂದು ಫ್ಯಾನು, ಕೆಳಗೆ ತೂತಿನ ಬುಟ್ಟಿ. ಯಾವುದೇ ವಸ್ತುವಿನ ಸುತ್ತ ತೆಳ್ಳಗೆ ಒಂದು ತಣ್ಣನೆ ಗಾಳಿಯ ಪದರ ಅಂಟಿಕೊಂಡಿರುತ್ತೆ. ಅದು ಕಂಬಳಿಯ ಹಾಗೆ ಬಿಸಿಯನ್ನು ತಡೆಯುತ್ತೆ. ಫ್ಯಾನು ಬಿಸಿ ಗಾಳಿಯನ್ನು ರಭಸವಾಗಿ ತಿರುಗಿಸಿದಾಗ ಆ ಕಂಬಳಿ ಕಿತ್ತು ಹೋಗುತ್ತೆ, ಸಿಪ್ಪೆ ಬೇಗ ಒಣಗಿ ಗರಿಯಾಗುತ್ತೆ. ಈ ಯೋಚನೆ ಹೊಸದೇನಲ್ಲ. ವಿಲಿಯಂ ಮ್ಯಾಕ್ಸನ್ ಅನ್ನೋ ಅಮೆರಿಕದ ಸಂಶೋಧಕ 1945ರ ಹೊತ್ತಿಗೆ ವಿಮಾನದಲ್ಲಿ ಹೆಪ್ಪುಗಟ್ಟಿದ ಊಟ ಬಿಸಿ ಮಾಡಲು 'ವರ್ಲ್‌ವಿಂಡ್', ಅಂದರೆ ಸುಂಟರಗಾಳಿ, ಅಂತ ಫ್ಯಾನಿರುವ ಸಣ್ಣ ಓವನ್ ಮಾಡಿದ್ದ. ಅಡುಗೆಮನೆ ಕಟ್ಟೆಯ ಮೇಲೆ ಕೂರುವ ಈಗಿನ ರೂಪ ಕೊಟ್ಟವನು ನೆದರ್‌ಲೆಂಡ್ಸಿನ ಫ್ರೆಡ್ ವಾನ್ ಡೆರ್ ವೈ. ಎಣ್ಣೆಯಲ್ಲಿ ಮುಳುಗಿಸದೆ ಗರಿಗರಿ ಆಲೂಗಡ್ಡೆ ಫ್ರೈಸ್ ಮಾಡಬೇಕು ಅನ್ನೋದು ಅವನ ಹಟ. 2010ರಲ್ಲಿ ಬರ್ಲಿನ್ನಿನ ಐಎಫ್‌ಎ ಮೇಳದಲ್ಲಿ ಫಿಲಿಪ್ಸ್ ಅದನ್ನು ಏರ್‌ಫ್ರೈಯರ್ ಅಂತ ಬಿಡುಗಡೆ ಮಾಡಿತು. ಕೋವಿಡ್ ಕಾಲದಲ್ಲಿ ಮನೆಯಲ್ಲೇ ಕೂತ ನಮ್ಮಂಥವರ ಅಡುಗೆಮನೆಗೂ ಬಂತು.

ಇದಕ್ಕೆ ಬೇಕಾದ ಕರೆಂಟಿನ ಕತೆಗೂ ಇಲ್ಲಿನ ಬೇರು ಇದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿದೀಪಕ್ಕೆ. ಪ್ಲೇಗಿಗೆ ಹೆದರಿ ಗಾಳಿ ಬೆಳಕಿನ ಬಡಾವಣೆ ಕಟ್ಟುತ್ತಿದ್ದ ಕಾಲಕ್ಕೇ ಊರಿಗೆ ಕರೆಂಟೂ ಬಂತು. ನನ್ನ ಡಬ್ಬಿ 1,500 ವ್ಯಾಟಿನದು. ಕಾಯಿಲ್ ಆಗಾಗ ಆರಿ ಹೊತ್ತಿಕೊಳ್ಳುವುದರಿಂದ ಒಂದು ಸಲ ಗೆಣಸು ಸುಡಲು ಅರ್ಧ ಯೂನಿಟ್ಟಿನ ಆಸುಪಾಸು ಸಾಕು.

ಈಗ ರುಚಿ ವಿಷಯ. ಕೆಂಡದ ಗೆಣಸು ಯಾಕೆ ಅಷ್ಟು ಸಿಹಿ? ಹೊಗೆಯ ಘಮ ಒಂದು ಕಡೆ ಇರಲಿ, ಸಿಹಿಗೆ ಕಾರಣ ನಿಧಾನ. ಗೆಣಸಿನೊಳಗೆ ಬೀಟಾ ಅಮೈಲೇಸ್ ಅನ್ನೋ ಕಿಣ್ವ ಇರುತ್ತೆ. ಅದು ಪಿಷ್ಟವನ್ನು ಒಡೆದು ಮಾಲ್ಟೋಸ್ ಸಕ್ಕರೆ ಮಾಡುತ್ತೆ. ಆದರೆ ಅದಕ್ಕೆ ಸಿಗುವ ಸಮಯ ಬಹಳ ಚಿಕ್ಕದು. ಗೆಣಸಿನ ಒಳಗಿನ ಬಿಸಿ ಸುಮಾರು 60 ಡಿಗ್ರಿ ದಾಟಿ ಪಿಷ್ಟ ಮೆತ್ತಗಾದ ಮೇಲೆ ಅದರ ಕೆಲಸ ಜೋರಾಗುತ್ತೆ, 75-80 ಡಿಗ್ರಿ ಬರುವಷ್ಟರಲ್ಲಿ ಕಿಣ್ವವೇ ಕೆಟ್ಟು ನಿಲ್ಲುತ್ತೆ. ಈ ನಡುವಿನ ಹೊತ್ತು ಎಷ್ಟು ಉದ್ದವೋ ಗೆಣಸು ಅಷ್ಟು ಸಿಹಿ. ಬಚ್ಚಲ ಒಲೆಯ ಬೂದಿ ಗಂಟೆಗಟ್ಟಲೆ ಅಲ್ಲೇ ನಿಲ್ಲಿಸುತ್ತಿತ್ತು. ಜಪಾನಿನ ಬೀದಿಗಳಲ್ಲಿ ಬಿಸಿ ಕಲ್ಲುಗಳ ನಡುವೆ ಹುಗಿದು ಸುಟ್ಟು ಮಾರುವ ಗೆಣಸಿನ ಗುಟ್ಟೂ ಇದೇ. ಮೈಕ್ರೋವೇವಿನಲ್ಲಿ ಐದು ನಿಮಿಷಕ್ಕೆ ಬೆಂದ ಗೆಣಸು ಸಪ್ಪೆ ಯಾಕೆ ಅನ್ನೋದಕ್ಕೂ ಇದೇ ಉತ್ತರ.

ಹಾಗಾಗಿ ಡಬ್ಬಿ ತಂದ ಎಲ್ಲರೂ ಮಾಡುವ ಹಾಗೆ ಸೀದಾ 200 ಡಿಗ್ರಿಗೆ ತಿರುಗಿಸಬೇಡಿ. ಕೈಗೆ ಹಿಡಿಯಷ್ಟಿರುವ, ಒಂದೇ ದಪ್ಪದ ಗೆಣಸು ಆರಿಸಿ. ಮಣ್ಣು ಹೋಗುವ ಹಾಗೆ ತೊಳೆದು ಒರೆಸಿ. ಸಿಪ್ಪೆ ತೆಗೆಯಬೇಡಿ, ಎಣ್ಣೆ ಬೇಕಿಲ್ಲ. ಫೋರ್ಕಿನಲ್ಲಿ ನಾಲ್ಕೈದು ಕಡೆ ಚುಚ್ಚಿ. ಬುಟ್ಟಿಯಲ್ಲಿ ಒಂದಕ್ಕೊಂದು ತಾಗದ ಹಾಗೆ ಇಡಿ, ಗಾಳಿ ಓಡಾಡಲು ಜಾಗ ಇರಲಿ. ಮೊದಲು 120 ಡಿಗ್ರಿಯಲ್ಲಿ ಅರ್ಧ ಗಂಟೆ. ಆಮೇಲೆ ತಿರುಗಿಸಿ ಹಾಕಿ 200 ಡಿಗ್ರಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ. ಚಾಕು ಬೆಣ್ಣೆಗೆ ಇಳಿದಂತೆ ಇಳಿದರೆ ಆಯಿತು, ದಪ್ಪ ಗೆಣಸಿಗೆ ಇನ್ನೈದು ಹತ್ತು ನಿಮಿಷ. ಕೊನೆಯ ಆ ಜೋರು ಬಿಸಿಯಲ್ಲಿ ಒಸರಿದ ಸಕ್ಕರೆ ಸಿಪ್ಪೆಯ ಮೇಲೆ ಕಪ್ಪಗೆ ಅಂಟು ಪಾಕ ಆಗುತ್ತೆ. ಇನ್ನೊಂದು ಮಾತು, ಹಸಿ ಗೆಣಸನ್ನು ಫ್ರಿಜ್ಜಿನಲ್ಲಿ ಇಡಬೇಡಿ. ಬಿಸಿ ನಾಡಿನ ಗೆಡ್ಡೆ ಅದು, ತಣ್ಣಗಾದರೆ ಒಳಗೆ ಗಟ್ಟಿಯಾಗಿ ಎಷ್ಟು ಬೇಯಿಸಿದರೂ ಮೆತ್ತಗಾಗಲ್ಲ. ಕಿತ್ತ ಮೇಲೆ ಕೆಲವು ದಿನ ಗಾಳಿಯಾಡುವ ಕಡೆ ಬಿಟ್ಟರೆ ಸಿಹಿ ಹೆಚ್ಚುತ್ತೆ ಅಂತ ಗೆಣಸು ಬೆಳೆದ ಎಲ್ಲ ಅಜ್ಜಿಯರಿಗೂ ಗೊತ್ತಿತ್ತು.

ಹೋದ ವರ್ಷ ಅಮ್ಮ ಊರಿಂದ ಬಂದಿದ್ದರು. ನಾನು ಗೆಣಸು ಹಾಕಿ ಬಟನ್ ಒತ್ತಿದೆ. ಅವರು ಡಬ್ಬಿಯನ್ನು ಸುತ್ತ ನೋಡಿ, ಹಿಂದಿನ ಕಿಂಡಿಯ ಹತ್ತಿರ ಅಂಗೈ ಇಟ್ಟರು. ಬಿಸಿ ಗಾಳಿ ಬರುತ್ತಿತ್ತು. 'ಹೊಗೆ ಬರಲ್ವೇನೋ?' ಅಂತ ಕೇಳಿದರು. 'ಇಲ್ಲಮ್ಮ' ಅಂದೆ. 'ಕಾಯ್ತಾ ನಿಂತಿರಬೇಕಾ?' 'ಬೇಡ, ಅದೇ ಆಫ್ ಆಗುತ್ತೆ.' ಅವರು ಹೋಗಿ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಅಡುಗೆ ಆಗುತ್ತಿರುವಾಗ ಅಮ್ಮ ಕೂತಿದ್ದು ನಾನು ನೋಡಿದ್ದು ಕಡಿಮೆ. ಗೆಣಸು ತಿಂದು ಅವರು ಕೊಟ್ಟ ಮಾರ್ಕು ಹೆಚ್ಚೇನಲ್ಲ. 'ಚೆನ್ನಾಗಿದೆ. ಬೂದಿದು ಇನ್ನೊಂಚೂರು ಚೆನ್ನಾಗಿರ್ತಿತ್ತು' ಅಂದರು. 'ಹಂಗಂತ ಇನ್ನೊಂದ್ಸಲ ಒಲೆ ಊದು ಅಂದ್ರೆ ನಾನು ಊದಲ್ಲಪ್ಪ.' ಗೆಳೆಯರ ಸಂಸ್ಕೃತಿಯ ವಾದಕ್ಕೆ ನಾನು ಕೇಳಿದ ಒಳ್ಳೆಯ ತೀರ್ಪು ಇದೇ. ರುಚಿ ಎಷ್ಟು ಕಮ್ಮಿಯಾಯಿತು ಅಂತಲೂ ಅವರು ಬಲ್ಲರು, ಅದರ ಬೆಲೆ ಯಾರು ಕಟ್ಟುತ್ತಿದ್ದರು ಅಂತಲೂ ಬಲ್ಲರು.

ಹಾಗಾದರೆ ಗೆಣಸು ನಮ್ಮದಾ, ಡಬ್ಬಿ ಹೊರಗಿನದಾ? ಎರಡೂ ಹೊರಗಿಂದಲೇ ಬಂದವು. ಒಂದಕ್ಕೆ ಐನೂರು ವರ್ಷ ಹತ್ತಿರ ಆಯಿತು, ಇನ್ನೊಂದಕ್ಕೆ ಇನ್ನೂ ಇಪ್ಪತ್ತು ತುಂಬಿಲ್ಲ. ಗೆಣಸಿಗೆ ನಾಗರಿಕತ್ವ ಕೊಟ್ಟದ್ದು ಯಾವ ಸರ್ಕಾರಿ ಆದೇಶವೂ ಅಲ್ಲ. ಬರದ ವರ್ಷ ಪಾತಿ ಮಾಡಿದವರು, ಉಪವಾಸದ ದಿನ ಬೇಯಿಸಿದವರು, ಕೈಗೆ ಸಿಕ್ಕ ಹಳೇ ಹೆಸರಿಂದಲೇ ಅದನ್ನು ಕರೆದವರು ಕೊಟ್ಟದ್ದು. ಪುಲಿಕೇಶಿನಗರ ಅನ್ನೋ ಹೆಸರು ಬೋರ್ಡಿನ ಮೇಲೆ ಬಂದು ಇಷ್ಟು ವರ್ಷವಾದರೂ ಇನ್ನೂ ಬಾಯಿಗೆ ಪೂರ್ತಿ ಹತ್ತಿಲ್ಲ. ಹತ್ತುತ್ತೆ, ನಿಧಾನಕ್ಕೆ. ಇಲ್ಲಿ ಉರ್ದು, ತಮಿಳು, ಕನ್ನಡ, ಇಂಗ್ಲಿಷು ಒಂದೇ ವಾಕ್ಯದಲ್ಲಿ ಬೆರೆಸಿ ಮಾತಾಡುವ ತಳ್ಳುಗಾಡಿಯವರ ಹತ್ತಿರ ನಾನು ಗೆಣಸು ಕೊಳ್ಳುತ್ತೇನೆ. ಅವರು ತಮಿಳು ಗಿರಾಕಿಗೆ ಅದನ್ನು 'ಸಕ್ಕರೆವಳ್ಳಿ' ಅನ್ನುತ್ತಾರೆ, ಉರ್ದು ಗಿರಾಕಿಗೆ 'ಶಕರ್‌ಕಂದ್' ಅನ್ನುತ್ತಾರೆ, ನನಗೆ 'ಗೆಣಸು' ಅನ್ನುತ್ತಾರೆ. ತೂಕ ಮೂವರಿಗೂ ಒಂದೇ.

ಮುಂದಿನ ಸಂಕ್ರಾಂತಿಗೆ ಅರ್ಧ ಕೇಜಿ ಹೆಚ್ಚು ತನ್ನಿ. 120ಕ್ಕೆ ಇಡೋದು ಮರೀಬೇಡಿ.